ಹನ್ನೆರಡು ದಿನದ ಡಬ್ಬಿ

ಬೆಳಗಿನ ಹತ್ತೂವರೆ. ಮಕ್ಕಳ ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಐದು ತಿಂಗಳ ಹೆಣ್ಣುಕೂಸು ಫಿಟ್ಸ್ ಬಂದು ಸೆಟೆದುಕೊಂಡಿತ್ತು. ಹೇಗೋ ಫಿಟ್ಸ್ ನಿಂತಿತು. ರಕ್ತದ ವರದಿ ಕೈಗೆ ಬಂದಾಗ ಡಾಕ್ಟರ ಮುಖ ಬಿಗಿಯಾಯಿತು.

"ಉಪ್ಪಿನಂಶ ತಳ ಕಂಡಿದೆ ಸಿಸ್ಟರ್. ಯಾರೋ ಈ ಮಗುಗೆ ಸಿಕ್ಕಾಪಟ್ಟೆ ನೀರು ಕುಡಿಸಿದ್ದಾರೆ. ಬೇಕಂತಲೇ ಮಾಡಿದ್ರೆ? ಮಧ್ಯಾಹ್ನದೊಳಗೆ ಪೊಲೀಸರಿಗೆ ತಿಳಿಸ್ಬೇಕು."

ಹಿರಿಯ ನರ್ಸ್ ಡಾಕ್ಟರ ಹಿಂದೆಯೇ ಹೊರಬಂದಳು. ಮಗುವನ್ನು ನೋಡಿಕೊಳ್ಳುವವರು ಇಬ್ಬರೇ—ತಾಯಿ, ಅಜ್ಜಿ. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ನೀರು ಕುಡಿಸಿದ್ದು ಯಾರೆಂದು ಡಾಕ್ಟರ್ ಕೇಳಿದರು.

"ನಾನ್ಯಾಕೆ ಕುಡಿಸ್ಲಿ? ಬಾಟಲಿ ಮುಟ್ಟೋಕೂ ಬಿಡಲ್ಲ ನಮ್ಮ ಸೊಸೆ!" ಎಂದರು ಅಜ್ಜಿ. ತಾಯಿ ತನ್ನ ಚೀಲವನ್ನು ಎದೆಗವಚಿಕೊಂಡಳು.

"ಹಾಗಾದ್ರೆ ಅವಳೇ," ಎಂದರು ಡಾಕ್ಟರ್, ನರ್ಸನ್ನು ಬದಿಗೆ ಕರೆದು. "ಬಡತನಕ್ಕೆ ಹೀಗೆ ಮಾಡಿದ್ಲು ಅನ್ನೋ ಹಾಗೂ ಇಲ್ಲ. ಹೋದ ತಿಂಗಳು ತಪಾಸಣೆಗೆ ಬಂದಾಗಿನ ಫಾರಂ ನೋಡಿ. 'ಮನೆಯಲ್ಲಿ ಊಟಕ್ಕೆ ಕೊರತೆಯಾಗಿತ್ತೇ?' 'ಇಲ್ಲ' ಅಂತ ಗುರುತು ಹಾಕಿದ್ದಾಳೆ."

ನರ್ಸ್ ತಾಯಿಯ ಚೀಲದಿಂದ ಹಾಲಿನ ಪುಡಿಯ ಡಬ್ಬಿ ತೆಗೆದಳು. ಮುಚ್ಚಳದ ಮೇಲೆ ಅದನ್ನು ತೆರೆದ ತಾರೀಖು. ಅಲುಗಾಡಿಸಿ ನೋಡಿದಳು. ತಾಯಿಯನ್ನು ತೂಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು.

"ಇದು ಐದು ದಿನಕ್ಕೆ ಖಾಲಿಯಾಗ್ಬೇಕು. ಹನ್ನೆರಡು ದಿನ ಆಯ್ತು, ಇನ್ನೂ ಅರ್ಧ ಇದೆ. ಬಾಟಲಿಗೆ ಆರು ಚಮಚ ಹಾಕ್ಬೇಕು, ನೀನು ಎಷ್ಟು ಹಾಕ್ತೀಯಮ್ಮ?"

ತಾಯಿ ಬಿಕ್ಕಿದಳು. "ಒಂದೇ ಅಕ್ಕಾ... ನಮ್ಮ ಮನೆಯವರ ಕೆಲಸ ಹೋಗಿ ಎರಡು ತಿಂಗಳಾಯ್ತು. ನಾವು ಒಂದೊತ್ತು ತಿಂದು ಹೇಗೋ ಇರ್ತೀವಿ. ನೀರಾದ್ರೂ ಹೊಟ್ಟೆ ತುಂಬಿದ್ರೆ ಮಗು ಅಳಲ್ಲ ಅಂತ..."

"ಮತ್ತೆ ಫಾರಂನಲ್ಲಿ ಇಲ್ಲ ಅಂತ ಯಾಕೆ ಹಾಕ್ದೆ?"

"ಯಾವ ಫಾರಂ?"

ನರ್ಸ್ ತಟ್ಟನೆ ಎದ್ದಳು. ಕಾಲು ಗಂಟೆಯಲ್ಲಿ ಒಂದು ಕಟ್ಟು ಕಾಗದದೊಂದಿಗೆ ಡಾಕ್ಟರ ಕೋಣೆಗೆ ಬಂದಳು. ಹಿಂದೆಯೇ ಆ ಫಾರಂ ತುಂಬಿಸಿಕೊಳ್ಳುವ ನೋಂದಣಿ ಗುಮಾಸ್ತ.

"ಡಾಕ್ಟ್ರೇ, ಮನೇಲಿ ಊಟಕ್ಕೇ ಇಲ್ದೆ ಪುಡಿ ಉಳಿಸೋಕೆ ಬಾಟಲಿಗೆ ಒಂದೇ ಚಮಚ ಹಾಕಿದ್ದಾಳೆ. ನಾವು ಆ ತಾಯಿಯ ಫಾರಂ ಒಂದನ್ನೇ ನೋಡಿದ್ವಿ, ಅದರ ಪಕ್ಕದ್ದು ನೋಡ್ಲಿಲ್ಲ. ಅವತ್ತಿನ ನಲವತ್ತೂ ಇಲ್ಲಿವೆ. ನಲವತ್ತಕ್ಕೂ 'ಇಲ್ಲ'! ಎಲ್ಲದಕ್ಕೂ ಬಾಲ ಎಳೆದ ಒಂದೇ ಥರದ ಗುರುತು. ನಲವತ್ತು ಅಮ್ಮಂದಿರದ್ದು ಒಂದೇ ಕೈಯಾಗುತ್ತಾ? ಯಾರನ್ನೂ ಕೇಳದೆ ತುಂಬಿದವರು ನೀವೇ, ಗುಮಾಸ್ತರೇ."

ಗುಮಾಸ್ತ ಮೇಲಿದ್ದ ಫಾರಂ ಮಗುಚಿಟ್ಟ. "ಅಷ್ಟು ಜನರ ಮುಂದೆ ಕೇಳಿದ್ರೆ ಮೇಲೇ ಬೀಳ್ತಾರೆ ಸಿಸ್ಟರ್. ಗಂಟೆಗೆ ಮೂವತ್ತು ಜನರನ್ನ ಒಳಗೆ ಕಳಿಸಿ ಅಂತ ನೀವೇ ಅಲ್ವಾ ಹೇಳಿದ್ದು?"



"ಹೌದು," ಎಂದಳು ನರ್ಸ್. "ತಪ್ಪು ತಾಯಿಯದಲ್ಲ ಡಾಕ್ಟ್ರೇ. ನಿಮ್ಮ ವರದಿಯಲ್ಲಿ ಗುಮಾಸ್ತರ ಹೆಸರಿನ ಕೆಳಗೆ ನನ್ನದನ್ನೂ ಬರೀರಿ."

ನಲವತ್ತು ಫಾರಂ ಎತ್ತಿಕೊಂಡು ಹೋಗಿ ಫೋನಿನ ಮುಂದೆ ಕೂತಳು. ಮೊದಲ ನಂಬರು ಒತ್ತಿದಳು.

"ಅಮ್ಮಾ, ಆಸ್ಪತ್ರೆಯಿಂದ ಮಾತಾಡ್ತಿರೋದು. ಅವತ್ತು ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ."