ಬಾಗಿಲಿಗೆ ಅಂಟಿಸಿದ ನೋಟಿಸು

ಗೋಡೆಗೆ ಮೊದಲ ಪೆಟ್ಟು ಬೀಳುವುದಕ್ಕೆ ಇನ್ನೂ ಐದು ನಿಮಿಷವಿತ್ತು. ಕೆಲಸದವರಿಬ್ಬರು ನಡುಮನೆಯ ಸಾಮಾನನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ, ಮೇಲೊಂದು ಹಳೆಯ ಹೊದಿಕೆ ಮುಚ್ಚಿ, ಸುತ್ತಿಗೆ ಉಳಿಗಳನ್ನು ಪಕ್ಕದಲ್ಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದರು. ಆಗಲೇ ಪುರಸಭೆಯ ಕಟ್ಟಡ ವಿಭಾಗದ ಇಬ್ಬರು ನೌಕರರು ಬಂದು, ಯಾರನ್ನೂ ಕರೆಯದೆ, ತಲೆಬಾಗಿಲಿಗೆ ಅಂಟು ಬಳಿದು ಒಂದು ಹಾಳೆ ಒತ್ತಿದರು. ಅನುಮತಿ ಪಡೆಯದೆ ಒಳಗೋಡೆ ಕೆಡವುತ್ತಿರುವ ಬಗ್ಗೆ ದೂರು ಬಂದಿದೆ, ಸೋಮವಾರದ ತಪಾಸಣೆ ಮುಗಿಯುವವರೆಗೆ ಕೆಲಸ ನಿಲ್ಲಿಸತಕ್ಕದ್ದು ಎಂದು ಅದರಲ್ಲಿತ್ತು.

ಮನೆಯ ಮಗ ಅದನ್ನು ಎರಡೆರಡು ಸಲ ಓದಿದ. ಅವನು ಅಚ್ಚುಕೂಟದಲ್ಲಿ ಯಂತ್ರ ನಡೆಸುವವನು. ದಿನಾ ಸಾವಿರಾರು ನೋಟಿಸು ಅಚ್ಚು ಹಾಕಿದ್ದರೂ ತನ್ನ ಬಾಗಿಲಿಗೊಂದು ಬಂದೀತೆಂದು ಎಣಿಸಿರಲಿಲ್ಲ.

"ದೂರು ಕೊಟ್ಟವರು ಯಾರು?" ಎಂದು ಕೇಳಿದ.

"ಅದನ್ನ ಹೇಳೋ ಹಾಗಿಲ್ಲ ಸ್ವಾಮಿ," ಎಂದ ನೌಕರರಲ್ಲಿ ಹಿರಿಯವನು. ಅಂಟಿನ ಡಬ್ಬಿಯ ಮುಚ್ಚಳ ಒತ್ತುತ್ತಾ, ಸಮಾಧಾನ ಹೇಳುವವನಂತೆ ಸೇರಿಸಿದ, "ಬೀದಿಯವರ ಮೇಲೆ ಅನುಮಾನ ಪಡಬೇಡಿ. ಈ ಮನೆಯವರೇ ಕೊಟ್ಟಿರೋದು."

ಅಷ್ಟು ಹೇಳಿ ಅವರು ಹೋದರು. ಕೆಲಸದವರೂ ಉಪಕರಣ ಕಟ್ಟಿಕೊಂಡು ಅವರ ಹಿಂದೆಯೇ ಜಾರಿಕೊಂಡರು. ಉಳಿದವರು ಮನೆಯವರು ಮಾತ್ರ... ಅವರೆಲ್ಲರ ಕಣ್ಣೂ ನಿಧಾನವಾಗಿ ಒಬ್ಬಳ ಕಡೆಗೆ ತಿರುಗಿತು.

ಆ ಒಬ್ಬಳು ಸೊಸೆ. ಮದುವೆಯಾಗಿ ಬಂದು ಆರು ವರ್ಷ. ನಡುಮನೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಅತ್ತೆಗೆ ನಡುಮನೆ ಸಣ್ಣದಾಯಿತೆಂಬ ಕೊರಗು. ನಾಲ್ಕು ಜನ ಬಂದರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ಆ ಅಡ್ಡಗೋಡೆ ತೆಗೆದರೆ ಮನೆಗೊಂದು ಕಳೆ ಬರುತ್ತದೆ ಎಂದು ವರ್ಷದಿಂದ ಹೇಳಿ ಹೇಳಿ ಮಗನನ್ನು ಒಪ್ಪಿಸಿದ್ದರು. "ಹಾಗಾದ್ರೆ ನನ್ನ ಯಂತ್ರ ಎಲ್ಲಿಡ್ಲಿ ಅತ್ತೆ?" ಎಂದು ಸೊಸೆ ಕೇಳಿದ್ದಕ್ಕೆ, "ಜಗುಲೀಲಿ ಗಾಳಿ ಬೆಳಕು ಚೆನ್ನಾಗಿದೆ" ಎಂಬ ಉತ್ತರ ಬಂದಿತ್ತು. ಮಾವ ಮಾತ್ರ, "ಆ ಗೋಡೆ ಇರಲಿ ಬಿಡಿ" ಎಂದಿದ್ದರು. ಅವರು ಮೂವತ್ತೈದು ವರ್ಷ ಗಾರೆ ಕೆಲಸ ಮಾಡಿದವರು, ಊರೆಲ್ಲ ಮೇಸ್ತ್ರಿ ಎಂದೇ ಕರೆಯುವುದು. ಈ ಮನೆಯನ್ನೂ ಸ್ವಂತ ಕೈಯಿಂದ ಕಟ್ಟಿದ್ದರು. ಆದರೂ ಅವರ ಹೆಂಡತಿ, "ನಿಮಗೆ ಯಾವ ಹೊಸದು ಹಿಡಿಸಿದೆ?" ಎಂದು ಆ ಮಾತನ್ನು ಅಲ್ಲೇ ಮುರಿದು ಹಾಕಿದ್ದರು.

"ಹೇಳು," ಎಂದರು ಅತ್ತೆ ಈಗ. ದನಿ ಏರಿರಲಿಲ್ಲ, ಅದೇ ಹೆಚ್ಚು ಹೆದರಿಸುವಂತಿತ್ತು. "ಹೋದ ವಾರ ನೀನು ಪುರಸಭೆಗೆ ಹೋಗಿದ್ದೆಯಲ್ಲ. ಯಾಕೆ?"

"ಕೇಳ್ಕೊಂಡು ಬರೋಕೆ ಹೋಗಿದ್ದೆ ಅತ್ತೆ. ಸುಣ್ಣಬಣ್ಣಕ್ಕೆ, ನೆಲದ ಕಲ್ಲು ಬದಲಾಯಿಸೋಕೆ ಯಾರ ಅನುಮತೀನೂ ಬೇಡ, ಆದರೆ ಗೋಡೆ ತೆಗೆಯೋಕೆ ನಕ್ಷೆ ಬೇಕು, ಎಂಜಿನಿಯರ್ ಸಹಿ ಬೇಕು ಅಂದ್ರು. ಬಂದು ಇವರಿಗೆ ಹೇಳಿದ್ದೆ."

"ಹೇಳಿದ್ದಳು," ಎಂದ ಗಂಡ ನೆಲ ನೋಡುತ್ತಾ. "ನಮ್ಮ ಮನೆ ಒಳಗಿನ ಗೋಡೆಗೆ ಅವರ ಅಪ್ಪಣೆ ಯಾಕೆ ಅಂತ ನಾನೇ ಸುಮ್ಮನಾದೆ." ಆಮೇಲೆ ತಲೆಯೆತ್ತಿ ಕೇಳಿದ, "ಬರೀ ಕೇಳೋಕೆ ಹೋಗಿದ್ದಾ? ಇಲ್ಲ..."

ಆ 'ಇಲ್ಲ' ಎಂಬ ಮಾತು ಪೂರ್ತಿಯಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಆರು ವರ್ಷ ಜೊತೆಯಲ್ಲಿ ಬಾಳಿದವನ ಬಾಯಿಂದ ಬಂದಿತ್ತು ಅದು. "ನಾನು ದೂರು ಕೊಟ್ಟಿಲ್ಲ" ಎಂದು ಒಂದೇ ಸಲ ಹೇಳಿದಳು. ಪುಟ್ಟ ಮಗಳೊಂದಿಗೆ ಮೇಲಿನ ಅಂತಸ್ತಿನಲ್ಲಿ ವಾಸವಿದ್ದ ಗಂಡನ ಅಕ್ಕ ಇಳಿದು ಬಂದವರು ಮೆಟ್ಟಿಲ ಮೇಲೆಯೇ ಮುಖ ತಿರುಗಿಸಿಕೊಂಡರು. ಮಾವ ಕುರ್ಚಿಯಲ್ಲಿ ಕೂತಿದ್ದವರು ಸೊಸೆಯನ್ನು ಒಮ್ಮೆ ನೋಡಿ, ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು.

ಅದಾದ ಮೇಲೆ ಎರಡು ದಿನ ಆ ಮನೆಯಲ್ಲಿ ಅವಳೊಂದಿಗೆ ಯಾರೂ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ಅತ್ತೆ ಮುಟ್ಟಲಿಲ್ಲ, ಎದ್ದು ಹೋಗಿ ತಾವೇ ಬೇರೆ ಬೇಯಿಸಿಕೊಂಡರು. ಶನಿವಾರ ಅವಳು ಬಟ್ಟೆ ತಲುಪಿಸಿ ಬರುವಷ್ಟರಲ್ಲಿ ಹೊಲಿಗೆ ಯಂತ್ರ ಜಗುಲಿಗೆ ಬಂದಿತ್ತು. ಅರ್ಧ ಹೊಲಿದ ರವಿಕೆಗಳು ಒಂದು ಗಂಟಿನಲ್ಲಿ ಅದರ ಮೇಲೆ ಕೂತಿದ್ದವು. ಬೀದಿಯಲ್ಲಿ ಹೋಗುವವರು ನೋಟಿಸನ್ನೂ ಯಂತ್ರವನ್ನೂ ಒಟ್ಟಿಗೆ ನೋಡಿ ತಮಗೆ ತಿಳಿದಂತೆ ಕಥೆ ಕಟ್ಟಿಕೊಂಡು ಮುಂದೆ ಹೋದರು. ಅವಳ ಕಣ್ಣೀರು ಎಲ್ಲಿ ಇಂಗಿಹೋಯಿತೋ... ಗಂಟು ಬಿಚ್ಚಿ, ಜಗುಲಿಯಲ್ಲೇ ಕೂತು, ತೋಳಿಗೆ ಅಂಚು ಹಚ್ಚತೊಡಗಿದಳು. ಮಾವ ಎರಡು ಸಲ ಹೊಸ್ತಿಲವರೆಗೆ ಬಂದು ಹಿಂತಿರುಗಿದರು.

ಭಾನುವಾರ ಬೆಳಿಗ್ಗೆ ಮಗ ಒಂದು ನಿರ್ಧಾರಕ್ಕೆ ಬಂದಿದ್ದ.

"ಇವತ್ತು ಕಚೇರಿ ರಜಾ," ಎಂದ ತಾಯಿಗೆ. "ಗೋಡೆ ಇದ್ದರೆ ತಾನೇ ತಪಾಸಣೆ? ಸಂಜೆ ಒಳಗೆ ನಾನೇ ತೆಗೆದುಬಿಡ್ತೀನಿ. ನಾಳೆ ಬಂದವರು ಗಾಳಿ ತಪಾಸಣೆ ಮಾಡ್ಲಿ."

"ಅದೇ ಸರಿ," ಎಂದರು ತಾಯಿ.

ಸೊಸೆ ಜಗುಲಿಯಿಂದಲೇ ಕೇಳಿಸಿಕೊಂಡು ಒಳಗೆ ಬಂದಳು. "ಒಂದು ದಿನ ತಡೀರಿ. ಅವರು ನೋಡ್ಲಿ, ಆಮೇಲೆ ತೆಗೀರಿ," ಎಂದಳು. ಗಂಡ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯಿಂದ ದೊಡ್ಡ ಸುತ್ತಿಗೆ ತಂದು, ತೋಳು ಮಡಚಿ, ಗೋಡೆಯ ನಡುಮಧ್ಯಕ್ಕೆ ಗುರಿಯಿಟ್ಟು ಬೀಸಿದ. ಒಂದು, ಎರಡು, ಮೂರು... ಗಾರೆ ಹಪ್ಪಳದಂತೆ ಉದುರಿತು. ನಾಲ್ಕನೆಯದಕ್ಕೆ ಒಂದು ಇಟ್ಟಿಗೆ ಒಳಕ್ಕೆ ಕುಸಿಯಿತು. ಐದನೆಯ ಪೆಟ್ಟಿಗೆ ಸುತ್ತಿಗೆ ಎತ್ತಿದವನು ಕೈ ಹಾಗೆಯೇ ನಿಲ್ಲಿಸಿದ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ, ಅಪ್ಪ ನಿಂತಿದ್ದರು.

"ಮಗು ಎಲ್ಲಿ?" ಎಂದು ಕೇಳಿದರು ಅವರು. ದನಿ ಗುರುತೇ ಸಿಗದಷ್ಟು ಬದಲಾಗಿತ್ತು.

"ಮೇಲಿದ್ದಾಳೆ, ಚಿತ್ರ ಬರೀತಾ ಇದ್ದಾಳೆ," ಎಂದರು ಮಗುವಿನ ತಾಯಿ. "ಯಾಕಪ್ಪಾ?"

"ಮೊದಲು ಅವಳನ್ನ ಕೆಳಗಿಳಿಸಿ. ಆಮೇಲೆ ಮಾತು."

ಯಾರಿಗೂ ಏನೂ ತಿಳಿಯದೆ ನಿಂತಿದ್ದಾಗ ಮೊದಲು ಓಡಿದವಳು ಸೊಸೆ. ಮೇಲಿನ ಕೋಣೆಯಲ್ಲಿ ಎಂಟು ವರ್ಷದ ಹುಡುಗಿ ನೆಲದ ಮೇಲೆ ಹೊಟ್ಟೆಯೂರಿ ಮಲಗಿ ಮರಕ್ಕೆ ಹಸಿರು ಬಳಿಯುತ್ತಿದ್ದಳು. "ಅತ್ತೆ, ನೆಲ ಟಕ್ ಅಂತು," ಎಂದಳು ತಲೆಯೆತ್ತಿ. ಅವಳ ಮೊಣಕೈ ಪಕ್ಕದಿಂದ ಕಿಟಕಿಯವರೆಗೆ ಕೂದಲೆಳೆಯಂಥ ಬಿರುಕೊಂದು ನೆಟ್ಟಗೆ ಹರಿದಿತ್ತು. ಸೊಸೆ ಹುಡುಗಿಯನ್ನು ಎತ್ತಿಕೊಂಡು, ಗೋಡೆಯಂಚಿನಲ್ಲೇ ಹೆಜ್ಜೆಯಿಟ್ಟು, ಮೆಟ್ಟಿಲಿಳಿದು, ಬೀದಿಗೆ ಬರುವವರೆಗೂ ನಿಲ್ಲಲಿಲ್ಲ. "ಎಲ್ಲರೂ ಹೊರಗೆ ಬನ್ನಿ," ಎಂದಳು. "ಮೇಲೆ ನೆಲ ಬಿರುಕು ಬಿಟ್ಟಿದೆ."

ಹಾಗೆ ಆ ಮನೆಯವರ ಮಾತು ಅಂಗಳದಲ್ಲಿ, ಹಾಡಹಗಲಲ್ಲಿ ನಡೆಯಬೇಕಾಯಿತು.

"ದೂರು ಕೊಟ್ಟೋನು ನಾನು," ಎಂದರು ಮೇಸ್ತ್ರಿ.

"ಏನಂದ್ರಿ?" ಎಂದರು ಅವರ ಹೆಂಡತಿ.

"ಕಚೇರಿ ಮುಂದೆ ಅರ್ಜಿ ಬರೆಯೋನ ಹತ್ರ ಬರೆಸಿ, ನಾನೇ ಸಹಿ ಹಾಕಿ ಕೊಟ್ಟೆ. ಅದು ಅಡ್ಡಗೋಡೆ ಅಲ್ಲ. ಮೇಲಿನ ಅಂತಸ್ತು ಪೂರ್ತಿ ಅದರ ಮೇಲೆ ಕೂತಿದೆ. ಪುರಸಭೆ ಈ ಮನೆಗೆ ಕೊಟ್ಟಿದ್ದ ಅನುಮತಿ ಒಂದೇ ಅಂತಸ್ತಿಗೆ. ಮೇಲೆ ಕಟ್ಟಬೇಕಾದ್ರೆ ಬುಡದಿಂದ ಎರಡು ಕಂಬ ಎಬ್ಬಿಸಬೇಕಿತ್ತು. ನೆಲ ಅಗೆದ್ರೆ ಕಚೇರಿಯವರ ಕಣ್ಣಿಗೆ ಬೀಳುತ್ತೆ, ಬೇಡ ಅಂತಾರೆ. ನಾನೇ ಮೇಸ್ತ್ರಿ, ನನಗೆ ಅವರೇನು ಹೇಳೋದು ಅನ್ನೋ ಸೊಕ್ಕು. ಕಂಬ ಬಿಟ್ಟು ತೊಲೆ ತಂದು ಗೋಡೆ ಮೇಲೆ ಕೂರಿಸಿ ಗಾರೆ ಮುಚ್ಚಿದೆ. ಬೇರೆಯವರ ಮನೇಲಿ ಇಂಥದ್ದು ಕಂಡಿದ್ರೆ ಒಡೆಸಿ ಹಾಕ್ತಿದ್ದೋನು ನಾನು."

ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದರು. ಗಂಡ ತೀರಿಹೋದಾಗ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಬಂದವರನ್ನು ಕೈ ಹಿಡಿದು ಆ ಮೆಟ್ಟಿಲು ಹತ್ತಿಸಿದ್ದು ಇದೇ ಅಪ್ಪ.

"ಗೊತ್ತಿದ್ದೂ ನಮ್ಮನ್ನ ಅಲ್ಲಿ ಇರಿಸಿದ್ರಾ?" ಎಂದರು. "ಆರು ವರ್ಷ ನನ್ನ ಮಗಳು ಮಲಗಿದ್ದು ಅದರ ಮೇಲಾ ಅಪ್ಪ?"

"ಗೋಡೆ ಇರೋವರೆಗೆ ಏನೂ ಆಗಲ್ಲ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ದಿನಾ ಎದ್ದು ಮೊದಲು ಅದನ್ನ ಮುಟ್ಟಿ ನೋಡ್ತಿದ್ದೆ ಮಗಳೇ... ಇವರು ಗೋಡೆ ತೆಗೀತೀವಿ ಅಂದಾಗ ನಿಜ ಹೇಳೋಕೆ ನಾಲಿಗೆ ಏಳಲಿಲ್ಲ. ಕಚೇರಿಯವರೇ ಬಂದು ನಿಲ್ಲಿಸಿಬಿಟ್ರೆ ನಾನು ಹೇಳೋದು ತಪ್ಪುತ್ತೆ ಅಂದ್ಕೊಂಡೆ."

ಮಗನ ಕೈಯಲ್ಲಿ ಇನ್ನೂ ಸುತ್ತಿಗೆಯಿತ್ತು. ಅದು ಕೈಯಲ್ಲಿದೆ ಎಂಬುದು ಆಗಷ್ಟೇ ಅರಿವಾದವನಂತೆ ಅದನ್ನು ಮೆಲ್ಲಗೆ ಮಣ್ಣಿಗಿಳಿಸಿ, ಸೊಸೆಯ ಕುತ್ತಿಗೆಗೆ ಜೋತುಬಿದ್ದಿದ್ದ ಹುಡುಗಿಯ ಕಡೆ ನೋಡಿ, ಅಲ್ಲೇ ಕುಕ್ಕರಿಸಿದ. "ಐದನೇ ಪೆಟ್ಟು..." ಎಂದ.

ಸೊಸೆ ಮಾವನ ಎದುರು ಬಂದು ನಿಂತಳು. "ಇದನ್ನ ಮೊನ್ನೆಯೇ ಹೇಳಬಹುದಿತ್ತು ಮಾವ. ಎಲ್ಲರೂ ನನ್ನನ್ನ ಕೇಳ್ತಿದ್ದಾಗ ನೀವು ಅಲ್ಲೇ ಕೂತಿದ್ರಿ."

"ನೀನು ಸಹಿಸ್ಕೋತೀಯ ಅಂದ್ಕೊಂಡೆ," ಎಂದರು ಮಾವ.

ಅದಕ್ಕಿಂತ ಕೆಟ್ಟ ಮಾತು ಅವರು ಬೇರೆ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಅದು ಅವರಿಗೂ ಹೊಳೆದಿರಬೇಕು, ಮುಖ ಮುಚ್ಚಿಕೊಂಡರು. ಎರಡು ದಿನ ಇಂಗಿದ್ದ ಕಣ್ಣೀರು ಅವಳಿಗೆ ಆಗ ಬಂತು. ಹುಡುಗಿಯ ಹೆಗಲಿಗೆ ಮುಖವೊತ್ತಿ ಅತ್ತಳು. ಗಂಡ ಎದ್ದು ಹತ್ತಿರ ಬಂದ. "ತಪ್ಪಾಯ್ತು" ಎಂದ. ಅವಳು ತಿರುಗಿ ನೋಡಲಿಲ್ಲ.

ಸೋಮವಾರ ಬಂದ ಎಂಜಿನಿಯರ್ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಹಳೆಯ ಕಡತದಲ್ಲಿದ್ದ ನಕ್ಷೆ ಬಿಡಿಸಿ, ಏಣಿ ಹತ್ತಿ ಗಾರೆ ಕೀಳಿಸಿ ತೊಲೆ ಎಲ್ಲಿ ಕೂತಿದೆಯೆಂದು ಟಾರ್ಚು ಬಿಟ್ಟು ನೋಡಿದರು. ಕೆಳಗಿಳಿದು, "ಇನ್ನೆರಡು ಸಾಲು ಇಟ್ಟಿಗೆ ಹೋಗಿದ್ರೆ ನಾನು ತಪಾಸಣೆಗೆ ಬರ್ತಿರಲಿಲ್ಲ. ಬೇರೆ ಇಲಾಖೆಯವರು ಬರ್ತಿದ್ರು," ಎಂದರು. ಅಂದೇ ತೊಲೆಯ ಕೆಳಗೆ ಕಬ್ಬಿಣದ ಆಸರೆ ಕಂಬಗಳನ್ನು ನಿಲ್ಲಿಸಿದರು. ಮೇಲಿನ ಅಂತಸ್ತನ್ನು ಸಕ್ರಮ ಮಾಡಲು ದಾರಿಯಿರಲಿಲ್ಲ, ಒಂದು ತಿಂಗಳೊಳಗೆ ಇಳಿಸಬೇಕಿತ್ತು, ಅದಕ್ಕೂ ಅರ್ಜಿ ಹಾಕಿ ಅನುಮತಿ ಪಡೆಯಬೇಕಿತ್ತು.

"ಕೆಡವೋಕೂ ಅನುಮತಿ ಬೇಕಾ?" ಎಂದು ಅತ್ತೆ ಕೇಳಿದರು.

"ಕೆಡವೋಕೇ ಮೊದಲು ಬೇಕು ಅಮ್ಮಾ," ಎಂದರು ಎಂಜಿನಿಯರ್.

ಮೇಲಿನವರಿಗೆ ಕೆಳಗೆ ಜಾಗ ಆಗಬೇಕಿತ್ತು. ಯಾರೂ ಕೇಳುವ ಮೊದಲೇ ಸೊಸೆ ಜಗುಲಿಗೆ ಹೋಗಿ, ತನ್ನ ಗಂಟನ್ನು ಇಳಿಸಿಟ್ಟು, ಯಂತ್ರವನ್ನು ಗೋಡೆಗೆ ಸರಿಸತೊಡಗಿದಳು. ಚಿಕ್ಕ ಕೋಣೆ ಇನ್ನು ತನಗಿಲ್ಲವೆಂದು ಅವಳು ಲೆಕ್ಕ ಹಾಕಿಯಾಗಿತ್ತು. ಆಗ ಯಂತ್ರದ ಇನ್ನೊಂದು ಬದಿಯನ್ನು ಎರಡು ಕೈಗಳು ಹಿಡಿದವು. ಅತ್ತೆ.

"ಎತ್ತು. ಒಳಗೆ ಇಡೋಣ," ಎಂದರು.

"ಅತ್ತಿಗೆ, ಮಗು..."

"ಅವರು ನನ್ನ ಕೋಣೇಲಿ ಇರ್ತಾರೆ. ನಾನೂ ನಿನ್ನ ಮಾವನೂ ನಡುಮನೇಲಿ ಮಲಗ್ತೀವಿ." ಸೊಸೆಯ ಮುಖ ನೋಡದೆ ಹೇಳಿದರು, "ಮನೇಲಿ ಅಷ್ಟು ಜನ ಇದ್ರೂ ಮಗೂನ ತರೋಕೆ ಓಡಿದ್ದು ನೀನು. ನಾನು ನಿಂತೇ ಇದ್ದೆ."

ಕ್ಷಮಿಸು ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಆ ಮಧ್ಯಾಹ್ನ ಸೊಸೆ ಬಡಿಸಿದ್ದನ್ನು ಉಂಡು, ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು.

ಮರುದಿನ ಅರ್ಜಿ ಹಾಕುವುದಕ್ಕೆ ಮಾವ ಒಬ್ಬರೇ ಹೊರಟರು. ಎರಡು ಮನೆ ದಾಟುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದಾಯಿತು.

"ನೀನ್ಯಾಕೆ ಬಂದೆ?" ಎಂದರು.

"ಅರ್ಜಿ ಬರೆಯೋಕೆ. ನಿಮ್ಮ ಕನ್ನಡಕ ಮನೇಲೇ ಇದೆ."

ಇಬ್ಬರೂ ಬೀದಿಯ ತಿರುವು ದಾಟಿದರು. "ನನ್ನ ಮೇಲೆ ಸಿಟ್ಟಿದೆಯಲ್ಲ ನಿನಗೆ," ಎಂದರು ಮಾವ.

"ಇದೆ ಮಾವ. ಇವತ್ತು ನಾಳೆಗೆ ಹೋಗೋದೂ ಅಲ್ಲ. ರಸ್ತೆ ನೋಡ್ಕೊಂಡು ನಡೀರಿ."

ಪುರಸಭೆಯ ಉದ್ದ ಬೆಂಚಿನ ಮೇಲೆ ಕೂತು ಅವಳು ನಮೂನೆ ತುಂಬಿದಳು. ಕಟ್ಟಿದವರು ಯಾರು ಎಂಬಲ್ಲಿ ಮಾವನ ಹೆಸರು ಬರೆದಳು. ಕೆಡವಲು ಕಾರಣ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. "ಹಳೇದಾಗಿದೆ ಅಂತ ಹಾಕ್ಲಾ?" ಎಂದು ಮೆಲ್ಲಗೆ ಕೇಳಿದಳು.

"ಬೇಡ. ತಪ್ಪಾಗಿ ಕಟ್ಟಿದ್ದೆ ಅಂತ ಬರಿ."

ಅವಳು ಬರೆದಳು. ಕನ್ನಡಕವಿಲ್ಲದೆ ಮಾವ ಹಾಕಿದ ಸಹಿ ಗೆರೆ ದಾಟಿ ಕೆಳಗಿಳಿಯಿತು. ಕಿಟಕಿಯ ಗುಮಾಸ್ತ ಹಾಳೆ ಇಸಕೊಂಡು, ಮೊಹರು ಒತ್ತಿ, ಮುದುಕನ ಪಕ್ಕ ನಿಂತವಳನ್ನು ನೋಡಿ ಸುಮ್ಮನೆ ಮಾತಿಗೆಂದು ಕೇಳಿದ, "ಮಗಳಾ?"

"ಸೊಸೆ," ಎಂದರು ಮೇಸ್ತ್ರಿ. ಆಮೇಲೆ, ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು, "ನಮ್ಮ ಮನೆ ಮೇಲೆ ದೂರು ಕೊಟ್ಟಿದ್ದು ಇವಳಲ್ಲ ಸ್ವಾಮಿ, ನಾನು. ಸುಮ್ಮನಿದ್ದು ಇವಳ ತಲೆಗೆ ಕಟ್ಟಿದ್ದೂ ನಾನೇ."

ಗುಮಾಸ್ತನಿಗೆ ತಲೆಬುಡ ತಿಳಿಯಲಿಲ್ಲ. "ಆಗಲಿ ಅಜ್ಜಾ, ಮುಂದಿನವರು ಬರ್ಲಿ," ಎಂದ. ಹೊರಗೆ ಬಂದ ಮೇಲೂ ಮೇಸ್ತ್ರಿ ಸುಮ್ಮನಾಗಲಿಲ್ಲ. ತಮ್ಮ ಬೀದಿಯ ತಿರುವಿನಲ್ಲಿ ತರಕಾರಿ ಗಾಡಿಯವನನ್ನು ನಿಲ್ಲಿಸಿ ಅದನ್ನೇ ಹೇಳಿದರು, ಪಕ್ಕದ ಮನೆಯ ಗೇಟಿನಲ್ಲಿ ನಿಂತಿದ್ದ ಹೆಂಗಸಿಗೆ ಹೇಳಿದರು, ಇಸ್ತ್ರಿ ಅಂಗಡಿಯವನಿಗೆ ಹೇಳಿದರು. ಸೊಸೆ ತಡೆಯಲಿಲ್ಲ. ಪ್ರತಿ ಬಾಗಿಲಲ್ಲೂ ಅವರು ಹೇಳಿ ಮುಗಿಸುವವರೆಗೆ ಬಿಸಿಲಲ್ಲಿ ಕಾದು ನಿಂತು, ಆಮೇಲೆ ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಳು.