ಓತಿ ಫೌಜದಾರನ ಸಾವು

ಸೋಮವಾರ ಬೆಳಿಗ್ಗೆ ಏಳೂವರೆಗೆ ಬಸಂತರಾಯರು ಪೆಟ್ಟಿಗೆಯ ದೀಪ ಹಾಕಿದರು. ಫೌಜದಾರ ಕಣ್ಣು ತೆರೆಯಲಿಲ್ಲ.

ದೀಪ ಹತ್ತಿದೊಡನೆ ಕಲ್ಲಿನ ಮೇಲೇರಿ ಗಂಟಲು ಉಬ್ಬಿಸುವುದು ಅದರ ರೂಢಿ. ಆ ಪೊಲೀಸ್ ಸಾಹೇಬನ ಠೀವಿ ನೋಡಿಯೇ ಓಣಿಯವರು ಅದನ್ನು ಫೌಜದಾರ ಎಂದು ಕರೆಯುತ್ತಿದ್ದರು. ಇಂದು ಕಲ್ಲಿನ ಕೆಳಗೆ, ಹಾಸಿದ ಕಾಗದದ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಮೈ ತಣ್ಣಗಾಗಿತ್ತು.

ಅದು ನಮ್ಮ ಬೇಲಿಯ ಓತಿಯಲ್ಲ. ಆಸ್ಟ್ರೇಲಿಯಾದ ಮರಳುಗಾಡಿನ ತಳಿ, ಬಿಯರ್ಡೆಡ್ ಡ್ರ್ಯಾಗನ್. ಐದು ತಿಂಗಳ ಮರಿ. ಬಸಂತರಾಯರ ತಂಗಿಯ ಮಗ ಅನಿಲ ಇಂಡಿ ಊರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ. ಪುಣೆಯ ಗೆಳೆಯನೊಬ್ಬ ಊರು ಬಿಡುವಾಗ ಅದನ್ನು ಅವನಿಗೆ ಕೊಟ್ಟಿದ್ದ. ಎರಡು ತಿಂಗಳ ತರಬೇತಿಗೆ ಧಾರವಾಡಕ್ಕೆ ಹೊರಟ ಅನಿಲ, ಅದನ್ನು ಸಿಂದಗಿಯ ಸೋದರಮಾವನ ಕೈಗೆ ಒಪ್ಪಿಸಿದ. ಮೂವತ್ತೆರಡು ವರ್ಷ ಪೊಲೀಸ್ ಹವಾಲ್ದಾರರಾಗಿದ್ದವರು ಹೇಳಿದ್ದನ್ನು ಹೇಳಿದಂತೆ ಮಾಡುತ್ತಾರೆ ಎಂಬುದು ಅವನ ನಂಬಿಕೆ. ಏನೇನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದೂ ಕೊಟ್ಟಿದ್ದ.

ಎರಡು ವಾರದಿಂದ ಮರಿಯ ಮುಂಗಾಲುಗಳು ನಡುಗುತ್ತಿದ್ದವು. ಮಿಡತೆ ಹಿಡಿಯಲು ತಡವರಿಸುತ್ತಿತ್ತು. ನವೆಂಬರಿನ ಚಳಿ ಇರಬೇಕೆಂದು ರಾಯರು ಸುಮ್ಮನಿದ್ದರು. ಈಗ ಅವರ ಒಳಗಿನ ಹವಾಲ್ದಾರ ಎದ್ದು ಕೂತ.

ಕೊನೆಗೆ ಉಣಿಸಿದವರು ಯಾರು? ಯಲ್ಲವ್ವ. ಹತ್ತಿರದ ಹಳ್ಳಿ ಕನ್ನೊಳ್ಳಿಯಿಂದ ಬಂದು ಹನ್ನೊಂದು ವರ್ಷ ಈ ಮನೆಯ ಪಾತ್ರೆ ಬೆಳಗಿದವಳು. ದಿನವೂ ಒಂದು ಡಬ್ಬಿ ಮಿಡತೆ ಹಿಡಿದು ತರುತ್ತಿದ್ದವಳೂ ಅವಳೇ. ರಾಯರು ಅವಳನ್ನು ಅಂಗಳದಲ್ಲೇ ನಿಲ್ಲಿಸಿದರು. ಗೋಡೆಯಾಚೆ ನೆರೆಮನೆಯ ಇಂದ್ರಾಬಾಯಿ ಅರಿವೆ ಹಿಂಡುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

“ಮಿಡತಿ ಎಲ್ಲಿಂದ ತಂದಿ?”

“ನಮ್ಮೂರ ಬದುವಿನ ಮ್ಯಾಲಿಂದ್ರಿ.”

“ಬದುವಿನ ಆಚಿ ಏನೈತಿ?”

“ತೊಗರಿ ಐತ್ರಿ.”

“ತೊಗರಿಗೆ ಎಣ್ಣಿ ಹೊಡದಾರೇನು?”

ಎಣ್ಣಿ ಎಂದರೆ ಕೀಟನಾಶಕ. ಯಲ್ಲವ್ವ ತಡೆದಳು.

“ಮೊನ್ನಿ ಹೊಡದಾರ್ರಿ. ಆದ್ರ ನಾ ಆ ಕಡಿ ಹೋಗಿಲ್ರಿ.”

ಆ ತಡವೇ ರಾಯರಿಗೆ ಸಾಕಾಯಿತು. ನಾಳೆಯಿಂದ ಬರಬೇಡ ಎಂದರು. ಮಧ್ಯಾಹ್ನದ ಹೊತ್ತಿಗೆ ಇಂದ್ರಾಬಾಯಿಯ ಬಾಯಿಂದ ಸುದ್ದಿ ಓಣಿ ಸುತ್ತಿತು. ಯಲ್ಲವ್ವ ಕೆಲಸ ಮಾಡುತ್ತಿದ್ದ ಇನ್ನೆರಡು ಮನೆಯವರೂ ಅವಳನ್ನು ಬೇಡವೆಂದರು. ವಿಷ ಹಾಕುವ ಕೈ ಅಡುಗೆಮನೆಗೆ ಬರಬಾರದು ಎಂದರಂತೆ.

* * *

ಹೆಂಡತಿ ವಿದ್ಯಾವತಿ ಊಟಕ್ಕೆ ಬಡಿಸುತ್ತ ಹೇಳಿದರು.

“ಪೆನ್ಶನ್ ಆಗಿ ಆರು ವರ್ಷ ಆತು. ಇನ್ನೂ ಮಂದಿನ್ನ ಹಿಡಿಯೂದು ಬಿಟ್ಟಿಲ್ಲ. ಯಲ್ಲವ್ವನ ತಪ್ಪಿದ್ರ ಸಾಬೀತ ಮಾಡ್ರಿ. ಇಲ್ಲಾಂದ್ರ ಬಾಯಿ ಮುಚಗೊಂಡ ಉಣ್ರಿ.”

ರಾಯರು ಅರ್ಧ ಊಟಕ್ಕೆ ಎದ್ದರು. ಮರಿಯನ್ನು ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ನಡೆದರು. ಡಾಕ್ಟರ್ ಚನ್ನಬಸಯ್ಯ ಇಂಥ ಪ್ರಾಣಿಯನ್ನು ಈ ಮೊದಲು ಕಂಡಿರಲಿಲ್ಲ. ಆದರೂ ಕೊಯ್ದು ನೋಡಿದರು. ಆಮೇಲೆ ಬೆರಳಿನಿಂದ ಮರಿಯ ದವಡೆ ಒತ್ತಿದರು. ಅದು ರಬ್ಬರಿನಂತೆ ಬಾಗಿತು.

“ವಿಷ ಅಲ್ರಿ ಇದು. ಕಾಲಿನ ಎಲಬ ನೋಡ್ರಿ. ಮುರದು ಕೂಡೇತಿ, ಮತ್ತ ಮುರದೈತಿ. ಒಂದ ದಿನದ ಕೆಲಸ ಅಲ್ಲ. ಆರೇಳು ವಾರದಿಂದ ಎಲಬ ಕರಗಾಕತ್ತಾವ.”

ಆರೇಳು ವಾರ. ಮರಿ ಬಂದೇ ಏಳು ವಾರವಾಗಿತ್ತು. ತೊಗರಿಗೆ ಎಣ್ಣೆ ಹೊಡೆದದ್ದು ಮೊನ್ನೆ.

ದವಾಖಾನೆಯ ಮೆಟ್ಟಿಲ ಮೇಲಿಂದಲೇ ಅನಿಲನಿಗೆ ಫೋನ್ ಮಾಡಿದರು. ಅವನು ಎರಡೇ ಸಂಗತಿ ನೋಡಲು ಹೇಳಿದ. ಒಂದು, ಮಿಡತೆಗೆ ಸವರುವ ಸುಣ್ಣದ ಸತ್ವದ ಪುಡಿ, ಅಂದರೆ ಕ್ಯಾಲ್ಸಿಯಂ. ಎರಡು, ಪೆಟ್ಟಿಗೆಯ ಮೇಲಿನ ಬಿಳಿ ಟ್ಯೂಬು. ಅದರ ಪಕ್ಕದ ಹಳದಿ ಬಲ್ಬು ಬರೀ ಕಾವು ಕೊಡುತ್ತದೆ. ಬಿಳಿ ಟ್ಯೂಬಿನಿಂದ ಕಣ್ಣಿಗೆ ಕಾಣದ ಒಂದು ಕಿರಣ ಬರುತ್ತದೆ. ಅದು ಮೈಗೆ ಬಿದ್ದರೆ ಮಾತ್ರ ತಿಂದ ಸುಣ್ಣ ಎಲುಬಿಗೆ ಸೇರುತ್ತದೆ. ಬೆಳೆಯುವ ಮರಿಗಂತೂ ಅದಿಲ್ಲದೆ ಬದುಕಿಲ್ಲ.

* * *

ರಾಯರು ಮನೆಗೆ ಬಂದು ಪುಡಿಯ ಡಬ್ಬಿ ತೆರೆದರು. ತಳದಲ್ಲಿ ಎರಡು ಚಮಚ ಉಳಿದಿತ್ತು. ಅನಿಲನ ಹಾಳೆಯ ಪ್ರಕಾರ ಇರಬೇಕಾದದ್ದೂ ಅಷ್ಟೇ. ಯಲ್ಲವ್ವ ಒಂದು ದಿನವೂ ತಪ್ಪಿಸಿರಲಿಲ್ಲ.

ಹಾಗಾದರೆ ಟ್ಯೂಬು. ಮೊದಲ ವಾರವೇ ಹೋಲ್ಡರ್ ಕೆಟ್ಟಾಗ ಎಲೆಕ್ಟ್ರಿಶಿಯನ್ ಚಂದ್ರಾಮ ಬಂದು ರಿಪೇರಿ ಮಾಡಿದ್ದ. ಬೆಲೆಬಾಳುವ ಟ್ಯೂಬು ಕದ್ದು ಸಾದಾ ಟ್ಯೂಬು ಹಾಕಿದನೇ? ರಾಯರು ಅವನ ಅಂಗಡಿಯಲ್ಲಿ ನಿಂತು ಸೀದಾ ಕೇಳಿದರು. ಪೆಟ್ಟಿಗೆಯಲ್ಲಿ ಏನಾದರೂ ಬದಲು ಮಾಡಿದೆಯಾ?

“ಆ ಟ್ಯೂಬ ತಂದು ನನ್ನ ಅಂಗಡ್ಯಾಗ ಹಚ್ಚಿದ್ರ ಗಿರಾಕಿ ಬರೂದಿಲ್ರಿ ಹವಾಲ್ದಾರ್ರ, ಊರಾಗಿನ ಓತಿ ಎಲ್ಲಾ ಬರ್ತಾವು,” ಎಂದು ಚಂದ್ರಾಮ ನಕ್ಕ.

ಮನೆಗೆ ಬಂದು ಟ್ಯೂಬಿನ ಮೇಲಿನ ಅಕ್ಷರಗಳನ್ನು ಫೋನಿನಲ್ಲಿ ಅನಿಲನಿಗೆ ಓದಿ ಹೇಳಿದರು. ಅನಿಲ ಹೊರಡುವ ದಿನ ತಾನೇ ಹಾಕಿದ ಹೊಸ ಟ್ಯೂಬು ಅದೇ. ಕರೆಂಟು ಹೋದ ತಾಸುಗಳನ್ನು ರಾಯರು ದಿನವೂ ಬರೆದಿಟ್ಟಿದ್ದರು. ಹತ್ತು ತಾಸಿಗಿಂತ ಕಡಿಮೆ ಬೆಳಕು ಬಿದ್ದ ದಿನವೇ ಇರಲಿಲ್ಲ.

ಪುಡಿ ಸರಿ, ಟ್ಯೂಬು ಸರಿ, ತಾಸು ಸರಿ. ಮರಿ ಮಾತ್ರ ಸತ್ತಿತ್ತು. ಪೆಟ್ಟಿಗೆಯಲ್ಲಿ ಏನು ಬದಲಾಯಿತು ಎಂದು ರಾಯರು ಎಲ್ಲರನ್ನೂ ಕೇಳಿದ್ದರು. ವಿದ್ಯಾವತಿಯನ್ನೂ ಬಿಟ್ಟಿರಲಿಲ್ಲ.

* * *

ಸಂಜೆ ಐದಕ್ಕೆ ಡಾಕ್ಟರು ತಾವಾಗಿ ಬಂದರು. ಕುತೂಹಲ ತಡೆಯಲಾಗಿರಲಿಲ್ಲ. ಪೆಟ್ಟಿಗೆ ದೇವರ ಜಗಲಿಯ ಪಕ್ಕದಲ್ಲಿತ್ತು. ಕರೆಂಟಿನ ಸಾಕೆಟ್ಟು ಇದ್ದದ್ದು ಅಲ್ಲಿ ಮಾತ್ರ. ಮೇಲ್ಗಡೆ ತಂತಿಬಲೆಯ ಮುಚ್ಚಳ, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಟ್ಯೂಬು. ಕಾವು ಎಷ್ಟು ಇಳಿಯುತ್ತದೆ ನೋಡೋಣವೆಂದು ಡಾಕ್ಟರು ಬಲೆಗೆ ಬೆರಳು ಇಟ್ಟರು.

ಟಕ್ ಎಂದು ಉಗುರು ಬಡಿಯಿತು.

“ತಂತಿಬಲಿ ಅಂದಿದ್ರಿ. ಇಲ್ಲಿ ಗಾಜ ಐತಲ್ರಿ. ಯಾರ ಇಟ್ಟಾರ?”

ಯಾರೂ ಮಾತಾಡಲಿಲ್ಲ. ಇಂಥ ಮೌನವನ್ನು ಬಸಂತರಾಯರು ಸ್ಟೇಷನ್ನಿನಲ್ಲಿ ನೂರು ಮುಖದ ಮೇಲೆ ಕಂಡಿದ್ದರು. ಒಳಗಿನಿಂದ ಅದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

“ನಾನ ಇಟ್ಟೇನಿ,” ಎಂದರು.

ಮೊದಲ ವಾರದ ಮಾತು. ರಾಯರು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಬಲೆಯ ಕಣ್ಣಿನಿಂದ ನುಸುಳಿದ ಸಣ್ಣ ಮಿಡತೆಯೊಂದು ಹಾರಿ ಬಂದು ಲಿಂಗದ ಮೇಲೆಯೇ ಕೂತಿತು. ಮಡಿ ಕೆಟ್ಟಿತೆಂದು ಅವರು ಎರಡನೆಯ ಸಲ ಸ್ನಾನ ಮಾಡಿದರು. ಆ ದಿನವೇ ಹಳೆಯ ದೇವರ ಪಟವೊಂದರ ಗಾಜು ಬಿಚ್ಚಿ ಬಲೆಯ ಮೇಲೆ ಹಾಸಿದರು. ದಿನವೂ ಬೆಳಿಗ್ಗೆ ತಾವೇ ಅದನ್ನು ತಿಳಿಯಾಗಿ ಒರೆಸುತ್ತಿದ್ದರು. ಮಿಡತೆ ಹಾಕುತ್ತಿದ್ದದ್ದು ಪೆಟ್ಟಿಗೆಯ ಪಕ್ಕದ ಕಿಂಡಿಯಿಂದ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಟ್ಯೂಬಿಗೂ ಮರಿಗೂ ನಡುವೆ ಬಲೆ ಬಿಟ್ಟು ಬೇರೇನೂ ಇರಬಾರದೆಂದು ಅನಿಲನ ಹಾಳೆಯಲ್ಲಿ ಬರೆದಿತ್ತು. ಅವರು ಓದಿದ್ದರು. ಗಾಜಿನಿಂದ ಬೆಳಕು ದಾಟುತ್ತದಲ್ಲ, ಏನಾದೀತು ಎಂದುಕೊಂಡಿದ್ದರು.

“ಕಣ್ಣಿಗೆ ಕಾಣೂ ಬೆಳಕ ದಾಟತೈತ್ರಿ,” ಡಾಕ್ಟರು ಮೆತ್ತಗೆ ಹೇಳಿದರು. “ಎಲಬಿಗೆ ಬೇಕಾದ ಕಿರಣ ಗಾಜಿನ್ಯಾಗ ನಿಂತ ಬಿಡತೈತಿ.”

ಹೊರಗೆ ಸಿಂದಗಿಯ ಬಿಸಿಲು ಇಳಿಹೊತ್ತಿನಲ್ಲೂ ಗೋಡೆಗಳ ಮೇಲೆ ಬಿದ್ದಿತ್ತು. ಮರಿಯನ್ನು ಅವತ್ತೇ ಹಿತ್ತಲಲ್ಲಿ ಮಣ್ಣು ಮಾಡಿದರು. ಆಗ ಪ್ರಾರ್ಥಿಸಲು ರಾಯರಿಗೆ ನಾಲಿಗೆ ಏಳಲಿಲ್ಲ.

* * *

ಮಂಗಳವಾರ ಮೊದಲ ಬಸ್ಸಿಗೆ ಕನ್ನೊಳ್ಳಿಗೆ ಹೋದರು. ಯಲ್ಲವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ರಾಯರು ನಿಂತೇ ಹೇಳಿದರು.

“ಯಲ್ಲವ್ವ, ಅದನ್ನ ಕೊಂದಾಂವ ನಾನು. ನಿನ್ನ ಮ್ಯಾಲ ಹಾಕಿದಾಂವನೂ ನಾನು.”

ಅವಳು ಮೊರ ಕೆಳಗಿಡಲಿಲ್ಲ. ಎಣ್ಣೆ ಹೊಡೆದ ಮಾತು ಕೇಳಿದಾಗ ತಡೆದದ್ದು, ಗಾಳಿಗೆ ಒಂದು ಹನಿಯಾದರೂ ಬದುವಿನ ಮೇಲೆ ಬಿದ್ದಿತ್ತೇನೋ ಎಂಬ ದಿಗಿಲಿಗೆ ಎಂದಳು. ರಾತ್ರಿಯೆಲ್ಲ ತನ್ನ ಕೈಯನ್ನೇ ನೋಡುತ್ತ ಕೂತಿದ್ದಳಂತೆ.

“ಇಲ್ಲಿ ಬಂದ್ ಯಾಕ ಹೇಳ್ತೀರ್ರಿ? ಈ ಊರಾಗ ಯಾರೂ ನನಗ ಅಂದಿಲ್ಲ. ಅಂದ ಓಣ್ಯಾಗ ಹೋಗಿ ಹೇಳ್ರಿ.”

ರಾಯರು ಮರಳಿ ಬಂದರು. ಇಂದ್ರಾಬಾಯಿಯ ಕಟ್ಟೆಯ ಮುಂದೆ ನಿಂತು, ಕೋರ್ಟಿನಲ್ಲಿ ಸಾಕ್ಷಿ ಹೇಳುವಂತೆ ಒಂದೂ ಬಿಡದೆ ಹೇಳಿದರು. ಗಾಜನ್ನೂ ಕೈಯಲ್ಲಿ ಹಿಡಿದಿದ್ದರು. ಆಮೇಲೆ ಆ ಎರಡು ಮನೆಗಳ ಬಾಗಿಲಲ್ಲೂ ನಿಂತು ಅದನ್ನೇ ಹೇಳಿದರು.

ಶುಕ್ರವಾರದಿಂದ ಯಲ್ಲವ್ವ ಆ ಎರಡು ಮನೆಗೆ ಕೆಲಸಕ್ಕೆ ಬರತೊಡಗಿದಳು. ಬಸಂತರಾಯರ ಬಾಗಿಲ ಮುಂದಿನಿಂದಲೇ ಹಾದು ಹೋದಳು, ಒಳಗೆ ಬರಲಿಲ್ಲ. ವಿದ್ಯಾವತಿ ಪಾತ್ರೆ ತಾವೇ ಬೆಳಗಿದರು.

ರಾಯರು ಪೂಜೆ ಮುಗಿಸಿ ಹಿತ್ತಲಿಗೆ ಹೋದರು. ಮಣ್ಣಿನ ಸಣ್ಣ ಗುಪ್ಪೆಯ ಮುಂದೆ ಬರಿಗಾಲಲ್ಲಿ ಬಿಸಿಲಿಗೆ ನಿಂತು ಕೈ ಜೋಡಿಸಿದರು.

“ಶಿವನ, ನನಗಂತ ಏನೂ ಬೇಡಾಂಗಿಲ್ಲ. ಕೈಗೆ ಕೊಟ್ಟ ಜೀವ ಉಳಿಸಲಿಲ್ಲ. ಅದಕ್ಕ ನಿನ್ನ ಹತ್ರ ಆದ್ರೂ ಬೆಳಕ ಸಿಗಲಿ. ಅದರ ಜೀವಕ್ಕ ಶಾಂತಿ ಕೊಡು.”