ಸಂಜೆಯೇ ಹಾಕಿಕೊಂಡ ನೈಟ್ ಗಾರ್ಡ್

"ಇನ್ನೂ ಸ್ವಲ್ಪ ಬಾಯಿ ತೆಗಿ ಪುಟ್ಟಿ..."

ಅಮೆರಿಕದ ರೆಸ್ಟನ್‌ನ ಕ್ಲಿನಿಕ್ಕಿನಲ್ಲಿ ದಂತವೈದ್ಯೆ ಶಾರದಾ ಆಂಟಿಯ ಬೆರಳು ದವಡೆಯ ಕೀಲನ್ನು ಒತ್ತಿದ್ದೇ ತಡ, ಮೈಥಿಲಿಯ ಕಣ್ಣಲ್ಲಿ ನೀರು ಚಿಮ್ಮಿತು. ಅದೇ ಕ್ಷಣಕ್ಕೆ ಬಾಗಿಲು ತೆರೆದು ಸುಮುಖ್ ಒಳಬಂದ.

ಅವಳ ಗಂಡ! ಅವನು ಗೆಸ್ಟ್ ರೂಮಿನಲ್ಲಿ ಮಲಗತೊಡಗಿದ ಮೇಲೆ ಇಬ್ಬರೂ ಇಷ್ಟು ಹತ್ತಿರ ಇದ್ದದ್ದೇ ಇಲ್ಲ. ದವಡೆ ಇನ್ನಷ್ಟು ಬಿಗಿಯಿತು.

"ನೋಡಿದ್ರಾ ಆಂಟಿ? ನನ್ನ ಮುಖ ಕಂಡ್ರೆ ಸಾಕು, ಅವಳಿಗೆ ನೋವು ಜಾಸ್ತಿ ಆಗತ್ತೆ. ಅದಕ್ಕೇ ಅಟ್ಲಾಂಟಾಗೆ ಟ್ರಾನ್ಸ್‌ಫರ್ ಕೇಳಿದ್ದೀನಿ. ಸೋಮವಾರ ಹೊರಡ್ತೀನಿ."

ಅಂದರೆ ಬಿಟ್ಟು ಹೋಗುವುದು ನಿಜ... ಮೈಥಿಲಿ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು.

ಆಂಟಿ ಗ್ಲೌಸ್ ಕಳಚಿದರು. "ಎಕ್ಸ್‌ರೇಲಿ ಕೀಲು ಚೆನ್ನಾಗೇ ಇದೆ. ಮನಸ್ಸಿಗೆ ಪೆಟ್ಟು ಬಿದ್ರೂ ಸ್ನಾಯು ಹೀಗೆ ಬಿಗಿಯತ್ತೆ. ಹಾಗಂತ ನೋವು ಸುಳ್ಳಲ್ಲ. ನಿದ್ದೇಲಿ ಹಲ್ಲು ಕಡೀದೆ ಇರೋಕೆ ಕೊಟ್ಟ ಪ್ಲಾಸ್ಟಿಕ್ ನೈಟ್ ಗಾರ್ಡ್ ಹಾಕ್ಕೊಳ್ತಿದ್ದೀಯಾ?"

"ಸಂಜೆ ನನ್ನ ಕಾರ್ ಬಂದು ಗ್ಯಾರೇಜ್ ಬಾಗಿಲು ಸದ್ದಾದ್ರೆ ಸಾಕು, ಹಾಕ್ಕೊಂಡ್‌ಬಿಡ್ತಾಳೆ! ಆಮೇಲೆ ಮಾತೇ ಇಲ್ಲ," ಎಂದ ಸುಮುಖ್.

"ಅದು ಮಲಗೋವಾಗ ಮಾತ್ರ ಕಣೇ! ಸಂಜೆ ಯಾಕೆ?"

ಬಾಯಿ ಬಿಟ್ಟರೂ ಹೋಗುತ್ತಾನೆ, ಬಿಡದಿದ್ದರೂ ಹೋಗುತ್ತಾನೆ... ಇನ್ನು ಕಳೆದುಕೊಳ್ಳಲು ಏನಿದೆ!

"ಬಾಯಿ ಬಿಟ್ರೆ ಮಗು ವಿಷಯ ಬಂದ್‌ಬಿಡತ್ತೆ ಅಂತ..." ಅರೆತೆರೆದ ಬಾಯಿಂದ ಮಾತು ಒಡೆದು ಬಂತು. "ಐದನೇ ತಿಂಗಳಲ್ಲಿ ಅದು ಹೊಟ್ಟೆಯಲ್ಲೇ ಹೋದಾಗ ನೀನು ಒಂದು ಹನಿ ಅಳ್ಲಿಲ್ಲ, ಸುಮುಖ್. ಗ್ಯಾರೇಜಿಗೆ ಬಂದ್ರೂ ಎಷ್ಟೋ ಹೊತ್ತು ಒಳಗೇ ಬರ್ತಿರ್ಲಿಲ್ಲ. ನನ್ನಿಂದಲೇ ಹೋಯ್ತು ಅಂತ ನಿನಗೆ ಅಸಹ್ಯ... ಕೇಳೋಕೆ ಭಯ ನಂಗೆ!"

ಸುಮುಖ್ ಕುರ್ಚಿಯ ಪಕ್ಕ ಮಂಡಿಯೂರಿ ಕುಸಿದ.

"ಅಯ್ಯೋ ಹುಚ್ಚಿ... ಆ ಹೊತ್ತೆಲ್ಲಾ ಕಾರೊಳಗೆ ಕೂತು ಅಳ್ತಿದ್ದೆ ಕಣೇ! ನಿನ್ನೆದುರು ಅತ್ರೆ ನೀನು ಇನ್ನೂ ಕುಗ್ಗಿಹೋಗ್ತೀಯ ಅಂತ... ಕಣ್ಣೊರಸ್ಕೊಂಡು ಒಳಗೆ ಬಂದ್ರೆ ನಿನ್ನ ಬಾಯಲ್ಲಿ ಗಾರ್ಡ್!"

ಆಂಟಿ ಟಿಶ್ಯೂ ಡಬ್ಬಿಯನ್ನು ಅವನ ಕೈಗಿತ್ತು, ಬಾಗಿಲೆಳೆದುಕೊಂಡು ಹೊರನಡೆದರು.

ಮೈಥಿಲಿ ಅತ್ತಳು. ತಿಂಗಳುಗಟ್ಟಲೆ ಹಲ್ಲಿನಡಿ ಅದುಮಿಟ್ಟಿದ್ದ ಅಳು! ನೋವು ಕಿವಿಯವರೆಗೂ ಸೆಳೆಯಿತು... ಆದರೂ ಅತ್ತಳು. ಅವನೂ ಅತ್ತ, ಅವಳ ಕಣ್ಣೆದುರೇ.

"ನೋಯ್ತಿದ್ಯಾ?" ಅವನ ಅಂಗೈ ಅವಳ ಕೆನ್ನೆಗೆ ಅಂಟಿತ್ತು.

"ತುಂಬಾ..."

"ಹಾಗಾದ್ರೆ ಮಾತಾಡ್ಬೇಡ."

"ಮಾತಾಡ್ತೀನಿ. ಹೋಗ್ಬೇಡ, ಸುಮುಖ್..."

"ಹೋಗಲ್ಲ. ಇನ್ಮೇಲೆ ಗ್ಯಾರೇಜ್ ಬಾಗಿಲು ಸದ್ದಾದ್ರೆ ಗಾರ್ಡ್ ಹುಡುಕ್ಬೇಡ. ಕಾರ್ ಹತ್ರ ಬಂದು ನನ್ನ ಪಕ್ಕ ಕೂತ್ಕೋ."

"ಅನ್ನ ಆರಿಹೋಗತ್ತಲ್ಲೋ..."

"ಆರ್ಲಿ ಬಿಡೇ."